ಹೆಲೆನ್ ಮನೆಯ ಕಾವು

ನನಗೊಂದು ಚಟವಿದೆ. ಬಿಸಿಯಾದದ್ದು ಏನೇ ಕಂಡರೂ ಅದರ ಮುಂದೆ ಎರಡೂ ಅಂಗೈ ಚಾಚಿ ನಿಂತುಬಿಡುತ್ತೇನೆ. ಸಿಯಾಟಲ್ ಪಕ್ಕದ ಈಸ್ಟ್‌ಗೇಟಿನ ನಮ್ಮ ಆಫೀಸಿನ ಅಡುಗೆಮನೆಯಲ್ಲಿ ಒಂದು ಟೋಸ್ಟರ್ ಇದೆ. ನವೆಂಬರ್ ಬಂತೆಂದರೆ ಬೆಳಿಗ್ಗೆ ಅದರ ಮುಂದೆ ನಾನು ಹೀಗೆ ನಿಂತಿರುವುದು ಖಾಯಂ. ಬ್ರೆಡ್ಡು ನನ್ನದಾಗಿರಬೇಕೆಂದೂ ಇಲ್ಲ, ಇನ್ಯಾರದೋ ಬ್ರೆಡ್ಡಿನ ಕಾವನ್ನು ನಾನು ಹೀರುತ್ತಿರುತ್ತೇನೆ. ಪಕ್ಕದ ಸೀಟಿನ ತೆಲುಗು ಹುಡುಗಿ ಒಮ್ಮೆ ಹಿಂದೆ ಬಂದು ನಿಂತು, ಮಂಗಳಾರತಿ ಮುಗೀತಾ, ನನ್ನ ಬ್ರೆಡ್ ತಗೋಬಹುದಾ ಎಂದು ಕೇಳಿದಳು. ಆಫೀಸಿನಲ್ಲಿ ಚಳಿ ಎಂದು ನಾನು ಹೇಳುವಂತಿಲ್ಲ. ಅಲ್ಲಿ ಎಲ್ಲರೂ ಅರ್ಧ ತೋಳಿನ ಅಂಗಿಯಲ್ಲೇ ಓಡಾಡುವಷ್ಟು ಬೆಚ್ಚಗಿರುತ್ತದೆ. ಆದರೂ ಕೈ ತಾನಾಗಿಯೇ ಮುಂದೆ ಹೋಗುತ್ತದೆ.

ಇದು ಹುಬ್ಬಳ್ಳಿಯಿಂದ ತಂದ ಚಟ. ಹುಬ್ಬಳ್ಳಿಯಲ್ಲಿ ಅಂಥ ಚಳಿ ಎಲ್ಲಿಯದು ಎಂದು ನೀವು ಕೇಳಬಹುದು. ಸಿಯಾಟಲ್ ಕಡೆಯವರ ಮುಂದೆ ಹೇಳಿಕೊಳ್ಳುವಂಥದ್ದಲ್ಲ, ನಿಜ. ಆದರೆ ರೈಲ್ವೆ ಕ್ವಾರ್ಟರ್ಸಿನ ಹೆಂಚಿನ ಮನೆಯಲ್ಲಿ, ಮಳೆಗಾಲದ ಜಿಟಿಜಿಟಿಯಲ್ಲಿ, ಒಣಗದ ಅರಿವೆಗಳ ನಡುವೆ ಬೆಳೆದವರಿಗೆ ಥಂಡಿ ಎಂದರೇನೆಂದು ಗೊತ್ತು. ಆ ಥಂಡಿಗೆ ನಮ್ಮಲ್ಲಿದ್ದ ಉತ್ತರ ಶೇಗಡಿ. ಮೈಸೂರು ಕಡೆಯವರು ಅಗ್ಗಿಷ್ಟಿಕೆ ಎನ್ನುತ್ತಾರಲ್ಲ, ಅದೇ. ತಗಡಿನ ಹಳೇ ಬಕೀಟಿಗೆ ಒಳಗೆ ಮಣ್ಣು ಮೆತ್ತಿ, ಕೆಳಗೊಂದು ಕಿಂಡಿ ಕೊರೆದು, ನಡುವೆ ಜಾಲರಿ ಇಟ್ಟು ಅವ್ವ ತಾನೇ ಮಾಡಿಕೊಳ್ಳುತ್ತಿದ್ದಳು. ಸಂಜೆ ಅದಕ್ಕೆ ಇದ್ದಲು ತುಂಬಿ, ಅಂಗಳದಲ್ಲಿಟ್ಟು ಬೀಸಣಿಗೆಯಿಂದ ಬೀಸಿ, ಹೊಗೆಯೆಲ್ಲ ಹೋಗಿ ಕೆಂಪಗಾದ ಮೇಲೆ ಒಳಗೆ ತರುತ್ತಿದ್ದಳು. ನಾವು ಸುತ್ತ ಕೂತು ಅಂಗೈ ಚಾಚುತ್ತಿದ್ದೆವು.

ಅಪ್ಪ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದ. ಫೈರ್‌ಮನ್ ಎಂದರೆ ಈಗಿನವರು ಬೆಂಕಿ ಆರಿಸುವವರು ಎಂದುಕೊಳ್ಳುತ್ತಾರೆ. ನಮ್ಮಪ್ಪನ ಕೆಲಸ ಬೆಂಕಿ ಉರಿಸುವುದು. ಉಗಿ ಇಂಜಿನ್ನಿನ ಬಾಯಿಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುತ್ತ ಹುಬ್ಬಳ್ಳಿಯಿಂದ ಹೊರಟು ಮತ್ತೆ ಹುಬ್ಬಳ್ಳಿಗೆ ಬರುವಷ್ಟರಲ್ಲಿ ಅವನ ಕಣ್ಣಿನ ಬಿಳಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿರುತ್ತಿತ್ತು. ಹಿತ್ತಲ ಬಾಗಿಲಿನಿಂದಲೇ ಒಳಗೆ ಬರಬೇಕು, ಬಚ್ಚಲಿಗೆ ಹೋಗುವ ಮುಂಚೆ ಏನನ್ನೂ ಮುಟ್ಟಬಾರದು ಎಂದು ಅವ್ವನ ಕಟ್ಟಪ್ಪಣೆ. ಇಂಜಿನ್ನಿನ ಬೂದಿಯಲ್ಲಿ ಅರೆಬೆಂದು ಉಳಿದ ಕಲ್ಲಿದ್ದಲನ್ನು ಕಾಲೋನಿಯ ಹೆಂಗಸರು ಆರಿಸಿ ತರುತ್ತಿದ್ದರು. ನಮ್ಮ ಬಚ್ಚಲ ಹಂಡೆಯ ನೀರು ಕಾಯುತ್ತಿದ್ದದ್ದು ಅದರಲ್ಲೇ.

ಹೀಗಾಗಿ ನಮ್ಮವ್ವನಿಗೆ ಕಾವಿನ ವಿಷಯದಲ್ಲಿ ಒಂದು ದೊಡ್ಡ ಶಾಸ್ತ್ರವೇ ಇತ್ತು. ಕಟ್ಟಿಗೆಯ ಕಾವು ಅವಸರದ್ದಂತೆ, ಭುಗ್ ಎಂದು ಬಂದು ಹೋಗುತ್ತದೆ. ಸೆಗಣಿ ಕುಳ್ಳಿನ ಕಾವು ಮೆತ್ತಗಿನದು, ಹಾಲು ಕಾಯಿಸಲು ಅದೇ ಸರಿ. ಚಿಮಣಿ ಎಣ್ಣೆ ಸ್ಟೋವಿನದು ಬರೀ ಬಾಯಿ ಜೋರು, ಹತ್ತಿರ ಕೂತರೂ ಮೈಗೆ ಹತ್ತುವುದಿಲ್ಲ. ಗ್ಯಾಸಿನದು ಪಾತ್ರೆಗಷ್ಟೇ ಸಂಬಂಧಪಟ್ಟದ್ದು, ಮನುಷ್ಯರಿಗಲ್ಲ. ಕಲ್ಲಿದ್ದಲಿನ ಕಾವು ಹಟಮಾರಿ. ಹೊತ್ತಿಸುವುದಕ್ಕೆ ಕಾಡುತ್ತದೆ, ಹೊತ್ತಿದ ಮೇಲೆ ಬಿಡುವುದಿಲ್ಲ. ಕರೆಂಟಿನ ಕಾವಿನ ಬಗ್ಗೆ ಅವಳ ಶಾಸ್ತ್ರದಲ್ಲಿ ಏನೂ ಇರಲಿಲ್ಲ. ಕಣ್ಣಿಗೆ ಕಾಣದ್ದನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಇನ್ನು ನನ್ನ ಗಂಡ ಶ್ರೀಧರ. ಮೈಸೂರಿನವನು. ಅವನಿಗೆ ಕಂಡದ್ದೆಲ್ಲ ಕರೆಂಟೇ. ಆಫೀಸಿಗೆ ಹತ್ತಿರದ ನ್ಯೂಕ್ಯಾಸಲ್‌ನಲ್ಲಿ ನಾವು ಈ ಮನೆ ತೆಗೆದುಕೊಂಡಾಗ ಇಲ್ಲಿ ಗ್ಯಾಸಿನ ಫರ್ನೇಸ್ ಇತ್ತು, ನಡುಮನೆಯಲ್ಲಿ ಸೌದೆ ಉರಿಸುವ ಫೈರ್‌ಪ್ಲೇಸ್ ಇತ್ತು. ಎರಡನ್ನೂ ಅವನು ಉಳಿಸಲಿಲ್ಲ. ಗ್ಯಾಸ್ ತೆಗೆಸಿ ಕರೆಂಟಿನಿಂದ ಮನೆ ಕಾಯಿಸುವ ಹೀಟ್ ಪಂಪ್ ಹಾಕಿಸಿದ. ಫೈರ್‌ಪ್ಲೇಸಿನ ಬಾಯಿ ಮುಚ್ಚಿಸಿ ಅದರ ಮೇಲೆ ಟೀವಿ ಕೂರಿಸಿದ. ಕಿಟಕಿ ಬಾಗಿಲುಗಳ ಸಂದಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ. ಕಾರೂ ಕರೆಂಟಿನದೇ. ಊಟಕ್ಕೆ ಕರೆದ ಸ್ನೇಹಿತರಿಗೆ ಪಾಯಸಕ್ಕಿಂತ ಮೊದಲು ಹೀಟ್ ಪಂಪಿನ ಮಹಿಮೆ ಬಡಿಸುತ್ತಿದ್ದ. ಕಲ್ಲಿದ್ದಲು ಎಷ್ಟು ಕೊಳಕು, ಸೌದೆ ಎಷ್ಟು ಹೊಗೆ, ಗ್ಯಾಸ್ ಭೂಮಿಗೆ ಎಷ್ಟು ಹಾನಿ, ನಮ್ಮ ಕರೆಂಟಾದರೋ ಬಹುಪಾಲು ನೀರಿನಿಂದ ಬಂದದ್ದು, ಎಂದೆಲ್ಲ. ಅವನು ಹೇಳುತ್ತಿದ್ದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮಾತು ನಾನು ಇವತ್ತಿಗೂ ಒಪ್ಪುತ್ತೇನೆ. ಹೊರಗೆ ಹಿಮ ಬಿದ್ದ ದಿನವೂ ಮನೆ ಬೆಚ್ಚಗಿರುತ್ತಿತ್ತು, ಒಂದು ಚಿಟಿಕೆ ಬೂದಿಯಿಲ್ಲದೆ. ನನಗಿದ್ದ ದೂರು ಒಂದೇ: ಕೈ ಚಾಚಿ ನಿಲ್ಲಲು ಆ ಮನೆಯಲ್ಲಿ ಜಾಗವೇ ಇರಲಿಲ್ಲ.

ಮದುವೆಯಾಗಿ ಬಹಳ ವರ್ಷಕ್ಕೆ, ಇನ್ನು ಆಗುವುದಿಲ್ಲವೇನೋ ಎಂದು ನಾವೇ ಆ ಮಾತು ಎತ್ತುವುದನ್ನು ಬಿಟ್ಟಿದ್ದ ಕಾಲಕ್ಕೆ, ನಾನು ಬಸುರಿಯಾದೆ. ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಅವ್ವ ಒಬ್ಬಳೇ ವಿಮಾನ ಹತ್ತಿ, ಎರಡು ಕಡೆ ಬದಲಾಯಿಸಿ ಬಂದಳು. ಅವಳ ಸೂಟ್‌ಕೇಸಿನಲ್ಲಿ ಅಂಟಿನುಂಡಿ, ಜೋಳದ ಹಿಟ್ಟು, ಅಜವಾನ, ಒಂದು ಹಳೇ ಕೌದಿ. ಬಂದವಳೇ ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಒಲೆ ಎಲ್ಲಿ ಎಂದು ಕೇಳಿದಳು. ಅಡುಗೆಗಲ್ಲ, ಬಾಣಂತಿಗೆ. ಹಸಿ ಬಾಣಂತಿ ಮಂಚದ ಕೆಳಗೆ ಶೇಗಡಿ ಇಟ್ಟು ಕಾಯಿಸಬೇಕು, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಕೂಸಿಗೆ ಕಾವು ಕೊಡಬೇಕು. ಅವಳು ನಮ್ಮನ್ನೆಲ್ಲ ಹಡೆದದ್ದು, ಬೆಳೆಸಿದ್ದು ಹಾಗೆ. ಶ್ರೀಧರ ಅವಳನ್ನು ಗೋಡೆಯ ಮೇಲಿನ ಡಬ್ಬಿಯ ಮುಂದೆ ಕರೆದೊಯ್ದು, ಅಮ್ಮ, ಎಷ್ಟು ಬಿಸಿ ಬೇಕು ಹೇಳಿ, ಅಷ್ಟಕ್ಕೆ ಇಡ್ತೀನಿ ಎಂದ. ಅಳಿಯನ ಮಾತಿಗೆ ಎದುರಾಡಬಾರದೆಂದು ಅವ್ವ ತಲೆಯಾಡಿಸಿದಳು. ಆಮೇಲೆ ನನ್ನ ಹತ್ತಿರ ಬಂದು, ಗಾಳಿ ಬಿಸಿ ಮಾಡಿದರೆ ಎಲುಬು ಬಿಸಿಯಾಗುತ್ತದೇನು ಎಂದು ಕೇಳಿದಳು.

ಹೆರಿಗೆ ಸಿಸೇರಿಯನ್ ಆಯಿತು. ಹೆಣ್ಣುಮಗು. ದಿನ ತುಂಬುವ ಮುಂಚೆ ಹುಟ್ಟಿದ್ದರಿಂದ ತೂಕ ಕಡಿಮೆ. ಮೈ ಬೆಚ್ಚಗಿಡುವುದೇ ಅವಳಿಗೆ ಔಷಧಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಮನೆಗೆ ಬಂದು ಎರಡು ವಾರವೂ ಆಗಿರಲಿಲ್ಲ, ಗಾಳಿ ಎದ್ದಿತು.

ಇಲ್ಲಿಯ ಗಾಳಿ ಹೇಗಿರುತ್ತದೆಂದು ಇಲ್ಲಿದ್ದವರಿಗೆ ಗೊತ್ತು. ಎತ್ತರದ ಫರ್ ಮರಗಳು ಬುಡದಿಂದಲೇ ತೂಗುತ್ತವೆ. ಆ ಸಂಜೆ ಒಂದಾದ ಮೇಲೊಂದು ಬಿದ್ದವು. ನಮ್ಮ ಓಣಿಯ ತಲೆಯಲ್ಲಿದ್ದ ಮರ ಕರೆಂಟಿನ ತಂತಿಯನ್ನೂ ಎಳೆದುಕೊಂಡು ರಸ್ತೆಗೆ ಅಡ್ಡ ಮಲಗಿತು. ದೀಪ ಹೋಯಿತು, ಅದರ ಜೊತೆ ಹೀಟ್ ಪಂಪೂ ನಿಂತಿತು. ಬರುತ್ತದೆ ಬಿಡು ಎಂದು ಶ್ರೀಧರ ಹೇಳಿದ. ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಮನೆಯೊಳಗೆ ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. ಬೆಲ್ವ್ಯೂದ ಸ್ನೇಹಿತರ ಮನೆಗಳಲ್ಲೂ ಕರೆಂಟಿರಲಿಲ್ಲ. ಟಕ್ವಿಲಾದಲ್ಲಿ ಕರೆಂಟಿದೆ ಎಂದು ತಿಳಿದು ಅಲ್ಲಿಯ ಹೋಟೆಲುಗಳಿಗೆಲ್ಲ ಶ್ರೀಧರ ಫೋನ್ ಮಾಡಿದ. ನಮ್ಮಂಥವರೇ ಹೋಗಿ ಎಲ್ಲ ತುಂಬಿಸಿಬಿಟ್ಟಿದ್ದರು. ಜಾಗ ಸಿಕ್ಕಿದ್ದರೂ ಹೋಗುವುದು ಹೇಗೆ, ರಸ್ತೆಗೆ ಅಡ್ಡ ಮರ. ಕಾರಿನಲ್ಲಿ ಕೂತು ಹೀಟರ್ ಹಾಕಿಕೊಂಡೆವು. ಹಿಂದಿನ ದಿನ ಚಾರ್ಜ್ ಮಾಡುವುದನ್ನು ಮರೆತಿದ್ದರಿಂದ ಅದೂ ಬೇಗ ಕೈ ಚೆಲ್ಲಿತು. ಶ್ರೀಧರನ ಇಷ್ಟು ವರ್ಷದ ಕರೆಂಟಿನ ಸಂಸಾರ ಒಂದೇ ದಿನದಲ್ಲಿ ಕೈಕೊಟ್ಟಿತ್ತು.

ಮಗುವನ್ನು ನನ್ನ ಎದೆಗೇ ಅಂಟಿಸಿಕೊಂಡು, ಮೇಲೆ ಕೌದಿ, ಅದರ ಮೇಲೆ ರಜಾಯಿ ಹೊದ್ದು ಮಲಗಿದ್ದೆ. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಅವಳು ಹಾಲು ಕುಡಿಯುವುದನ್ನು ನಿಲ್ಲಿಸಿದಳು. ಅಳುವುದನ್ನೂ ನಿಲ್ಲಿಸಿದಳು. ಅಂಗಾಲು ಮುಟ್ಟಿದರೆ ತಣ್ಣಗೆ. ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದೆವು. ಮೈಗೆ ಮೈ ತಾಗಿಸಿಯೇ ಇರಿ, ಆದಷ್ಟು ಬೇಗ ಬೆಚ್ಚಗಿನ ಮನೆಗೆ ಹೋಗಿ, ಇನ್ನೂ ಮಂಕಾದರೆ ಆಂಬುಲೆನ್ಸಿಗೆ ಫೋನ್ ಮಾಡಿ, ಮರದ ಆಚೆಯಿಂದ ನಡೆದಾದರೂ ಬರುತ್ತಾರೆ ಎಂದರು. ಇನ್ನೊಂದು ಮಾತು ಒತ್ತಿ ಹೇಳಿದರು: ಏನೇ ಆದರೂ ಇದ್ದಲಿನ ಒಲೆಯನ್ನು ಮನೆಯೊಳಗೆ ತರಬೇಡಿ.

ನಾನು ಫೋನ್ ಇಡುವ ಹೊತ್ತಿಗೆ ಅವ್ವ ಅದನ್ನೇ ತರುತ್ತಿದ್ದಳು. ಹಿಂದಿನ ಮಾಲೀಕರು ಬಿಟ್ಟುಹೋದ ಬಾರ್ಬೆಕ್ಯೂ ಒಲೆಯೊಂದು ಹಿಂದಿನ ಡೆಕ್ಕಿನ ಮೇಲಿತ್ತು, ಪಕ್ಕದಲ್ಲಿ ಇದ್ದಲಿನ ಚೀಲ. ಅವ್ವ ಹೊರಗೇ ಹೊತ್ತಿಸಿ, ಬೀಸಿ, ಕೆಂಪಗಾದ ಮೇಲೆ ಎಳೆದುಕೊಂಡು ಬಾಗಿಲ ತನಕ ಬಂದಿದ್ದಳು. ಶ್ರೀಧರ ಬಾಗಿಲಿಗೆ ಅಡ್ಡ ನಿಂತಿದ್ದ. ಬೇಡಮ್ಮ ಎಂದು ಅವನು, ಬದಿಗೆ ಸರೀರಿ ಎಂದು ಅವಳು. ಅಳಿಯನ ಎದುರು ಕುರ್ಚಿಯ ಮೇಲೆ ಕೂಡ ಕೂರದಿದ್ದ ನಮ್ಮವ್ವ ಅವನ ತೋಳನ್ನು ಹಿಡಿದು ಪಕ್ಕಕ್ಕೆ ಸರಿಸಲು ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

"ಕೂಸು ತಣ್ಣಗಾಗಾಕತ್ತೈತಿ. ನಾಕು ಮಕ್ಕಳನ್ನ ನಾ ಇದರಾಗ ಜ್ವಾಪಾನ ಮಾಡೇನಿ" ಎಂದಳು.

ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನೇ ಎದ್ದು ಹೋದೆ. ಅವ್ವನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದೆ. ನಮ್ಮ ಕ್ವಾರ್ಟರ್ಸಿನಲ್ಲಿ ಹೆಂಚಿನ ಸಂದಿಯಿಂದ ಆಕಾಶ ಕಾಣುತ್ತಿತ್ತು, ಬಾಗಿಲ ಕೆಳಗಿನಿಂದ ಬೆಕ್ಕು ನುಸುಳುತ್ತಿತ್ತು. ಈ ಮನೆಯಲ್ಲಿ ಒಂದು ಸೂಜಿಯಷ್ಟು ಸಂದಿಯಿಲ್ಲ. ಕೆಂಪಗಾದ ಇದ್ದಲಿನಿಂದಲೂ ಒಂದು ವಿಷದ ಗಾಳಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ, ಹೋಗುತ್ತಿರುವುದು ಅವರಿಗೇ ತಿಳಿಯುವುದಿಲ್ಲ.

ಅವ್ವ ನನ್ನನ್ನೇ ನೋಡಿದಳು. ಮಲಗಿದಂಗನ ಹೋಗ್ತಾರೇನು ಎಂದು ಕೇಳಿದಳು. ಹೌದೆಂದೆ. ಆಗ ಅವಳು ನಾನು ಎಂದೂ ಕೇಳಿರದ ಒಂದು ಸಂಗತಿ ಹೇಳಿದಳು. ನಾನು ಹುಟ್ಟುವುದಕ್ಕೂ ಮುಂಚೆ ನಮ್ಮ ಸಾಲಿನಲ್ಲೇ ಒಬ್ಬ ಫಿಟರನ ಮನೆಯಿತ್ತು. ಅವನ ಹೆಂಡತಿ ಚೊಚ್ಚಲ ಬಾಣಂತಿ. ಮಳೆ ಹಿಡಿದಿತ್ತು. ಕಿಟಕಿ ಸಂದಿಗೆಲ್ಲ ಅರಿವೆ ತುರುಕಿ, ಶೇಗಡಿ ಇಟ್ಟುಕೊಂಡು ತಾಯಿ, ಕೂಸು ಮಲಗಿದ್ದರು. ಬೆಳಿಗ್ಗೆ ತಾಯಿ ಏಳಲಿಲ್ಲ, ಕೂಸೂ ಏಳಲಿಲ್ಲ. ಮುಖ ಮಾತ್ರ ನಿದ್ದೆ ಹತ್ತಿದವರ ಹಾಗೆ ಕೆಂಪಗೇ ಇತ್ತಂತೆ.

"ಗಾಳಿ ಸೋಕೇತಿ ಅಂದ್ರು ಎಲ್ಲಾರು. ನಾನೂ ಅಂದೆ" ಎಂದಳು ಅವ್ವ. "ಆಕಿ ಭಾಳ ಚೆಂದ ಇದ್ದಳು."

ಎದ್ದುಹೋಗಿ, ಒಲೆಯನ್ನು ಡೆಕ್ಕಿನ ತುದಿಗೆ ತಳ್ಳಿ, ಕೆಂಡದ ಮೇಲೆ ನೀರು ಸುರಿದು, ಬಾಗಿಲು ಹಾಕಿಕೊಂಡು ಬಂದಳು. ನನ್ನ ಪಕ್ಕ ಕೂತು ಮಗುವಿನ ಪಾದವನ್ನು ತನ್ನ ಎರಡೂ ಅಂಗೈ ನಡುವೆ ಹಿಡಿದುಕೊಂಡಳು. ಇನ್ನು ಆಂಬುಲೆನ್ಸಿಗೇ ಫೋನ್ ಮಾಡುತ್ತೇನೆಂದು ಶ್ರೀಧರ ಫೋನ್ ಕೈಗೆತ್ತಿಕೊಂಡ. ಆಗ ಬಾಗಿಲು ಬಡಿದ ಸದ್ದಾಯಿತು.

ಓಣಿಯ ಕೆಳತುದಿಯ ಸಣ್ಣ ಹಳೇ ಮನೆಯ ಹೆಲೆನ್ ನಿಂತಿದ್ದರು. ಎಂಬತ್ತು ದಾಟಿದ ಹೆಂಗಸು, ಒಂದು ಕೈಯಲ್ಲಿ ಕೋಲು, ಮೈಮೇಲೆ ಮಳೆಯ ಕೋಟು. ಎದುರಿಗೆ ಸಿಕ್ಕಾಗ ಕೈ ಬೀಸಿದ್ದನ್ನು ಬಿಟ್ಟರೆ ನಮಗೂ ಅವರಿಗೂ ಮಾತಿರಲಿಲ್ಲ. ನೀವು ಮಗುವಿನ ಕಾರ್ ಸೀಟು ಒಳಗೆ ಒಯ್ಯುವುದನ್ನು ನಾನು ಕಿಟಕಿಯಿಂದ ನೋಡಿದ್ದೆ, ಬೆಳಿಗ್ಗೆಯಿಂದ ನಿಮ್ಮ ಚಿಮಣಿಯಲ್ಲಿ ಹೊಗೆ ಬರುತ್ತದೇನೋ ಎಂದು ಕಾದೆ, ಬರಲಿಲ್ಲ ಎಂದರು. ನಮ್ಮ ಚಿಮಣಿಯ ಬಾಯಿಗೆ ಟೀವಿ ಕೂತಿರುವುದು ಅವರಿಗೇನು ಗೊತ್ತು. ನನ್ನ ಮನೆಯಲ್ಲಿ ಒಲೆ ಉರೀತಿದೆ, ಮಗುವನ್ನು ಕರೆತನ್ನಿ ಎಂದು ಹೇಳಿ, ನಮ್ಮ ಉತ್ತರಕ್ಕೂ ಕಾಯದೆ ಕೋಲೂರಿಕೊಂಡು ತಿರುಗಿ ಹೊರಟರು.

ಅವ್ವ ಮಗುವನ್ನು ತನ್ನ ಎದೆಗೆ ಕಟ್ಟಿಕೊಂಡು ಮೇಲೆ ಕೌದಿ ಸುತ್ತಿಕೊಂಡಳು. ನಾನು ಶ್ರೀಧರನ ಹೆಗಲಿಗೆ ಜೋತುಬಿದ್ದು, ಬಿದ್ದ ಟೊಂಗೆಗಳನ್ನು ದಾಟಿಕೊಂಡು ನಡೆದೆ. ಹೆಲೆನ್ ಮನೆಯ ಬಾಗಿಲು ತೆರೆದಾಗ ಒಳಗಿನಿಂದ ಬಂದ ಆ ಶಾಖ ಇನ್ನೂ ನನ್ನ ಮುಖದ ಮೇಲಿದೆ. ನಡುಮನೆಯಲ್ಲಿ ಎರಕದ ಕಬ್ಬಿಣದ ಕರೀ ಒಲೆ. ಅದರ ಕೊಳವೆ ಸೂರು ಸೀಳಿಕೊಂಡು ಹೊರಗೆ ಹೋಗಿತ್ತು. ಹೊಗೆ, ವಿಷ ಎಲ್ಲ ಆ ದಾರಿಯಲ್ಲಿ. ಒಲೆಯ ಮುಂದೆ ಹೆಲೆನ್ ಆಗಲೇ ಒಂದು ಆರಾಮಕುರ್ಚಿ ಎಳೆದಿಟ್ಟು ಟವೆಲುಗಳನ್ನು ಕಾಯಲು ಹಾಕಿದ್ದರು. ಕಾಯಿಸಿದ ಟವೆಲಿನಲ್ಲಿ ಮಗುವನ್ನು ಸುತ್ತಿ ನನ್ನ ಎದೆಗೆ ಕೊಟ್ಟರು. ನಾವು ಮೂವರು ಹೆಂಗಸರು ಆ ಸಣ್ಣ ಮುಖವನ್ನೇ ನೋಡುತ್ತ ಕೂತೆವು. ಸ್ವಲ್ಪ ಸ್ವಲ್ಪವಾಗಿ ತುಟಿಗೆ ಬಣ್ಣ ಬಂತು. ಆಮೇಲೆ ಬಾಯಿ ತೆರೆದು, ಇಷ್ಟು ಹೊತ್ತು ಎಲ್ಲಿ ಹೋಗಿದ್ದಿರಿ ಎಂದು ಜಗಳಕ್ಕೆ ಬಂದವಳಂತೆ ಅಳತೊಡಗಿದಳು. ಹಾಲಿಗೆ ಬಾಯಿ ಹಾಕಿದಳು. ಶ್ರೀಧರ ಕಿಟಕಿಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿದ್ದದ್ದು ನಮಗೆಲ್ಲ ಕಂಡಿತು.

ಕರೆಂಟು ಬರುವ ತನಕ ನಾವು ಅಲ್ಲೇ ಇದ್ದೆವು. ನಾನು ಅಷ್ಟು ಸುಖವಾಗಿದ್ದ ದಿನಗಳು ಕಡಿಮೆ. ಅವ್ವ ಎರಡನೇ ದಿನಕ್ಕೇ ಆ ಒಲೆಯನ್ನು ತನ್ನದು ಮಾಡಿಕೊಂಡಳು. ಅದರ ತಲೆಯ ಮೇಲೆ ಜೋಳದ ರೊಟ್ಟಿ ಸುಟ್ಟಳು, ಅದರ ಮೇಲೆಯೇ ನೀರು ಕಾಯಿಸಿ, ಅದರ ಎದುರೇ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆದಳು. ಮಗುವನ್ನು ಬೋರಲು ಹಾಕಿ ಬೆನ್ನು ತಟ್ಟಿ ನೀರು ಸುರಿಯುವುದನ್ನು ಮೊದಲ ಸಲ ನೋಡಿದಾಗ ಹೆಲೆನ್ ಕುರ್ಚಿಯಿಂದ ಅರ್ಧ ಎದ್ದಿದ್ದರು. ಎರೆದಾದ ಮೇಲೆ ಮಗು ಹೊಡೆದ ನಿದ್ದೆ ನೋಡಿ, ಇದನ್ನು ನನಗೂ ಯಾರಾದರೂ ಮಾಡಿದ್ದರೆ ಎಂದರು. ಅದನ್ನು ನಾನು ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು. ಅವ್ವ ಎಣ್ಣೆ ಬಟ್ಟಲು ಹಿಡಿದು ಹೋಗಿ ಹೆಲೆನ್ ಅವರ ಮೊಣಕಾಲಿಗೆ ತಿಕ್ಕತೊಡಗಿದಳು. ಹೆಲೆನ್ ಮೊದಲು ನಾಚಿಕೊಂಡರು, ಆಮೇಲೆ ಕಣ್ಣು ಮುಚ್ಚಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಆದರೂ ಹುಬ್ಬಳ್ಳಿ ಕನ್ನಡದಲ್ಲಿ ಅವ್ವ ಕೇಳುತ್ತಿದ್ದಳು, ಇಂಗ್ಲಿಷಿನಲ್ಲಿ ಹೆಲೆನ್ ಹೇಳುತ್ತಿದ್ದರು. ಅನುವಾದಕ್ಕೆ ನಾನಿದ್ದೇನೆ ಎಂಬುದು ಇಬ್ಬರಿಗೂ ಮರೆತೇಹೋಗಿತ್ತು.

ಮೂರನೇ ದಿನ ಸೌದೆಗೆ ತೊಂದರೆಯಾಯಿತು. ಒಬ್ಬರಿಗೆಂದು ಕೂಡಿಟ್ಟ ಸೌದೆ ಐದು ಜನಕ್ಕೆ ಹಗಲೂ ರಾತ್ರಿ ಉರಿದರೆ ಎಷ್ಟು ದಿನ ಬಂದೀತು. ಹೊರಗೆ ಪೇರಿಸಿದ್ದರ ಮೇಲಿನ ತಾಡಪತ್ರಿ ಗಾಳಿಗೆ ಹಾರಿಹೋಗಿ ಎಲ್ಲ ನೆನೆದಿತ್ತು. ಹಸಿ ಸೌದೆ ಒಲೆಯಲ್ಲಿ ಬುಸುಗುಟ್ಟಿತೇ ಹೊರತು ಉರಿಯಲಿಲ್ಲ. ಒಲೆಯ ಕಬ್ಬಿಣ ನಿಧಾನಕ್ಕೆ ಆರತೊಡಗಿತು. ಹೆಲೆನ್ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದು, ಶ್ರೀಧರನನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದರು. ಅವನು ಮೇಲೆ ಬರುವಾಗ ಕೈಯಲ್ಲಿ ಎರಡು ಭಾರದ ತಗಡಿನ ಬಕೀಟುಗಳಿದ್ದವು. ಮೇಲೆ ಮುಚ್ಚಿದ್ದ ಗೋಣಿತಟ್ಟನ್ನು ಹೆಲೆನ್ ತೆಗೆದರು. ಒಳಗೆ ಕಲ್ಲಿದ್ದಲು.

ನಮ್ಮ ನ್ಯೂಕ್ಯಾಸಲ್ ಒಂದು ಕಾಲದಲ್ಲಿ ಕಲ್ಲಿದ್ದಲಿನ ಊರು. ನಾವೀಗ ಮಕ್ಕಳನ್ನು ನಡೆಸಿಕೊಂಡು ಹೋಗುವ ಗುಡ್ಡದ ಹೊಟ್ಟೆಯೊಳಗೆಲ್ಲ ಗಣಿಗಳಿದ್ದವು. ಮುಚ್ಚಿದ ಸುರಂಗಗಳ ಪಕ್ಕ ಈಗಲೂ ಬೋರ್ಡುಗಳಿವೆ, ನಾನು ಯಾವತ್ತೂ ನಿಂತು ಓದಿರಲಿಲ್ಲ. ಹೆಲೆನ್ ಅವರ ಅಜ್ಜ ಆ ಗಣಿಗಳಲ್ಲಿ ದುಡಿದವರು, ತಂದೆಯೂ ಅಲ್ಲೇ. ಆ ಒಲೆ ತಂದೆ ಕೊಂಡದ್ದು, ಸೌದೆಗೂ ಕಲ್ಲಿದ್ದಲಿಗೂ ಆಗುವಂಥದ್ದು. ಕೆಲಸದ ಕೊನೆಯ ದಿನ ಅವರು ಎರಡು ಬಕೀಟು ಕಲ್ಲಿದ್ದಲು ಮನೆಗೆ ತಂದಿದ್ದರಂತೆ. ಅದನ್ನು ಯಾರೂ ಉರಿಸಿರಲಿಲ್ಲ. ತಂದೆ ಹೋದರು, ತಾಯಿ ಹೋದರು, ಹೆಲೆನ್ ಅವರ ಗಂಡನೂ ಹೋದರು. ಬಕೀಟುಗಳು ಮಾತ್ರ ಹಾಗೇ ಇದ್ದವು.

ಇದನ್ನು ಕೇಳಿ ನನಗೆ ಕೂರಲಾಗಲಿಲ್ಲ. ಬೇಡ, ಇನ್ನೇನಾದರೂ ಮಾಡೋಣ, ಇದು ನಿಮ್ಮ ತಂದೆಯ ನೆನಪು ಎಂದೆ.

"ನಮ್ಮಪ್ಪ ಇದನ್ನು ಅಗೆದದ್ದು ನೆನಪಿಗೆ ಇಟ್ಟುಕೊಳ್ಳಲಿ ಅಂತಲ್ಲ" ಎಂದರು ಹೆಲೆನ್. "ಯಾರದಾದರೂ ಮನೆ ಬೆಚ್ಚಗಿರಲಿ ಅಂತ."

ಅಷ್ಟರಲ್ಲಿ ಅವ್ವ ಬಕೀಟಿನ ಪಕ್ಕ ಮೊಣಕಾಲೂರಿದ್ದಳು. ಒಂದು ತುಂಡನ್ನು ಕೈಗೆತ್ತಿಕೊಂಡು ಹೊರಳಿಸಿ ನೋಡಿ, ಮೂಗಿನ ಹತ್ತಿರ ಹಿಡಿದಳು. ಅಪ್ಪ ಉಗಿ ಇಂಜಿನ್ ಬಿಟ್ಟು ಡೀಸೆಲ್ ಬಂಡಿಗೆ ಹೋದ ಮೇಲೆ ಅವಳು ಕಲ್ಲಿದ್ದಲು ಮುಟ್ಟಿರಲಿಲ್ಲ. ನಮ್ಮ ಮನಿಯವರು ಇದರಾಗ ದುಡಿದವರು ಅಂತ ಈಕಿಗೆ ಹೇಳು ಎಂದಳು ನನಗೆ. ಹೇಳಿದೆ. ಹೆಲೆನ್ ಅವರ ಮುಖ ಬದಲಾಯಿತು. ತಮ್ಮ ತಾಯಿಯೂ ತಂದೆಯನ್ನು ಮುಂಬಾಗಿಲಿನಿಂದ ಒಳಗೆ ಬಿಡುತ್ತಿರಲಿಲ್ಲ, ಹಿಂದಿನ ಜಗಲಿಯಲ್ಲೇ ಮೈ ತೊಳೆಸುತ್ತಿದ್ದಳು ಎಂದರು. ತಂದೆಯ ಕೆಮ್ಮಿನ ಬಗ್ಗೆ ಹೇಳಿದರು. ಅಪ್ಪನ ಕೆಮ್ಮು ನನಗೆ ನೆನಪಾಯಿತು. ಕೊನೆಯ ವರ್ಷಗಳಲ್ಲಿ ರಾತ್ರಿಯೆಲ್ಲ ಹಾಸಿಗೆಯಲ್ಲಿ ಎದ್ದು ಕೂತಿರುತ್ತಿದ್ದ.

ಕಲ್ಲಿದ್ದಲು ಹೊತ್ತಿಸುವುದು ಸುಲಭವಲ್ಲ. ಹೆಲೆನ್ ಒಂದು ಹಳೇ ಹಣ್ಣಿನ ಪೆಟ್ಟಿಗೆಯನ್ನು ಒಡೆಸಿ ಸಣ್ಣ ಚಕ್ಕೆ ಮಾಡಿಸಿದರು. ಅವ್ವ ಅದರ ಮೇಲೆ ಕಲ್ಲಿದ್ದಲಿನ ಚೂರುಗಳನ್ನು ಮೊದಲು, ಗಟ್ಟಿಗಳನ್ನು ಆಮೇಲೆ ಜೋಡಿಸಿದಳು. ಹೆಲೆನ್ ಕೆಳಗಿನ ಗಾಳಿಕಿಂಡಿ ತೆರೆದರು. ಅವ್ವ ಸಾಲದು ಎಂಬಂತೆ ಕೈ ಮಾಡಿದಳು, ಹೆಲೆನ್ ಇನ್ನಷ್ಟು ತೆರೆದರು. ಮೊದಲು ಹಳದಿ ಹೊಗೆ, ಗಂಧಕದ ವಾಸನೆ. ಶ್ರೀಧರ ಮೂಗು ಮುರಿದದ್ದನ್ನು ನೋಡಿದೆ. ಆಮೇಲೆ ಎಲ್ಲೋ ಒಳಗೆ ಚಟ್ ಎಂದು ಒಂದು ಸದ್ದು. ಕರಿಯ ತುಂಡಿನ ಅಂಚು ಕೆಂಪಾಯಿತು. ಇಬ್ಬರೂ ಮುದುಕಿಯರು ನೆಲದ ಮೇಲೆ ಕೂತು ಒಲೆಯ ಗಾಜಿನ ಬಾಗಿಲಿನೊಳಗೆ ನೋಡುತ್ತಲೇ ಇದ್ದರು. ಕೆಂಡದ ಬೆಳಕು ಇಬ್ಬರ ಮುಖದ ಮೇಲೂ ಬಿದ್ದಿತ್ತು. ಅವರು ಅಲ್ಲಿ ಯಾರನ್ನು ನೋಡುತ್ತಿದ್ದರೆಂದು ನಾನು ಕೇಳಲಿಲ್ಲ.

ಆ ಕಾವು ಅವ್ವ ಹೇಳುತ್ತಿದ್ದ ಹಾಗೆಯೇ ಇತ್ತು, ಬಿಡಲೇ ಇಲ್ಲ. ಬೆಳಿಗ್ಗೆ ಬೂದಿ ಕೆದರಿದರೆ ಒಳಗಿನ್ನೂ ಕೆಂಪಿತ್ತು. ಎರಡನೇ ಬಕೀಟು ತಳ ಕಾಣುವ ಹೊತ್ತಿಗೆ ಓಣಿಯ ಮರ ಕತ್ತರಿಸುವ ಗರಗಸದ ಸದ್ದು ಕೇಳಿತು, ಮಾರನೇ ದಿನ ಕರೆಂಟು ಬಂತು.

ನಾನು ಕಲ್ಲಿದ್ದಲಿನ ಪರ ವಕಾಲತ್ತು ಹಾಕುತ್ತಿದ್ದೇನೆಂದು ತಿಳಿಯಬೇಡಿ. ಇಬ್ಬರು ಅಪ್ಪಂದಿರ ಎದೆಗೂಡನ್ನು ಅದು ತಿಂದಿದೆ. ನಮ್ಮ ಮನೆ ಈಗಲೂ ಹೀಟ್ ಪಂಪಿನಿಂದಲೇ ಬೆಚ್ಚಗಿದೆ, ಶ್ರೀಧರ ಈಗಲೂ ಅದರ ಮಹಿಮೆ ಹೇಳುತ್ತಾನೆ, ಆದರೆ ಪಾಯಸ ಆದಮೇಲೆ. ಟೀವಿ ಬೇರೆ ಗೋಡೆಗೆ ಹೋಗಿ, ಅದಿದ್ದ ಜಾಗದಲ್ಲಿ ಒಂದು ಸಣ್ಣ ಸೌದೆ ಒಲೆ ಬಂದಿದೆ. ಕರೆಂಟು ಹೋದ ದಿನಕ್ಕೆ ಮಾತ್ರ ಎಂದು ಕರಾರು. ಪ್ರತಿ ಅಕ್ಟೋಬರಿನಲ್ಲಿ ಅವನು ಮೊದಲು ಹೆಲೆನ್ ಮನೆಗೆ ಸೌದೆ ಒಡೆದು, ಒಳಗೆ ಪೇರಿಸಿ ಬಂದ ಮೇಲೆಯೇ ನಮ್ಮದಕ್ಕೆ ಕೈ ಹಾಕುತ್ತಾನೆ. ಆ ಕೆಲಸಕ್ಕೆ ನಾನೂ ಬರುತ್ತೇನೆಂದರೆ ಬಿಡುವುದಿಲ್ಲ.

ಆ ವಸಂತದಲ್ಲಿ ಅವ್ವ ಊರಿಗೆ ಹೊರಡುವ ಮುನ್ನಾದಿನ, ಹೆಲೆನ್ ಮನೆಗೆ ಹೋಗಿಬರೋಣ ಎಂದಳು. ಕೈಯಲ್ಲಿ ಒಂದು ತಟ್ಟೆ. ಅದರಲ್ಲಿ ಅಕ್ಕಿ, ಒಣಕೊಬ್ಬರಿಯ ಬಟ್ಟಲು, ಅರಿಸಿನ ಕುಂಕುಮ, ತನ್ನ ಪೆಟ್ಟಿಗೆಯ ತಳದಿಂದ ತೆಗೆದ ಒಂದು ಕುಪ್ಪಸದ ಖಣ. ಉಡಿ ತುಂಬುವ ಸಾಮಾನು. ನಾನು ಅವಳ ಮುಖ ನೋಡಿದೆ. ನಮ್ಮ ಕಡೆ ಉಡಿ ತುಂಬುವುದು ಮುತ್ತೈದೆಯರಿಗೆ, ತುಂಬುವವರೂ ಮುತ್ತೈದೆಯರೇ. ಅಪ್ಪ ಹೋದ ಮೇಲೆ ಅವ್ವ ಯಾರ ಉಡಿಯನ್ನೂ ತುಂಬಿರಲಿಲ್ಲ. ನನ್ನ ಸೀಮಂತದಲ್ಲಿ ಕೂಡ, ನಾನು ಎಷ್ಟು ಕರೆದರೂ, ಅಡುಗೆಮನೆಯಿಂದ ಈಚೆ ಬಂದಿರಲಿಲ್ಲ. ಹೆಲೆನ್ ಅವರ ಗಂಡ ಹೋಗಿದ್ದಾರೆಂದು ಅವಳಿಗೆ ಗೊತ್ತೇ ಇತ್ತು. ಅದನ್ನೇ ಮೆತ್ತಗೆ ನೆನಪಿಸಿದೆ.

"ನನ್ನ ಮೊಮ್ಮಗಳ ಜೀವಕ್ಕ ಕಾವು ಕೊಟ್ಟಾಕಿ" ಎಂದಳು ಅವ್ವ. "ಆಕಿಗಿಂತ ಮುತ್ತೈದಿ ಯಾರದಾರ?"

ಹೆಲೆನ್ ಅವರಿಗೆ ನಾನು ಏನೂ ವಿವರಿಸಲಿಲ್ಲ, ಸ್ವೆಟರಿನ ಅಂಚನ್ನು ಹೀಗೆ ಮುಂದಕ್ಕೆ ಹಿಡಿಯಿರಿ ಎಂದಷ್ಟೇ ಹೇಳಿದೆ. ಅವರು ತಮ್ಮ ತೊಡೆಯ ಮೇಲಿದ್ದ ಮಗುವನ್ನು ಕಂಬಳಿಯ ಮೇಲೆ ಮಲಗಿಸಿ, ಎದ್ದು ನಿಂತು, ಶಾಲೆಯ ಹುಡುಗಿಯ ಹಾಗೆ ಎರಡೂ ಕೈಯಲ್ಲಿ ಸ್ವೆಟರ್ ಹಿಡಿದರು. ಅವ್ವ ಅವರ ಹಣೆಗೆ ಕುಂಕುಮವಿಟ್ಟು, ಖಣ ಇಟ್ಟು, ಕೊಬ್ಬರಿ ಬಟ್ಟಲಿಟ್ಟು, ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದಳು. ಆಮೇಲೆ ನಮಸ್ಕಾರ ಮಾಡಲು ಬಾಗಿದಳು. ಅವಳ ಕೈಯಿಂದ ಏನೋ ಬಿದ್ದಿರಬೇಕೆಂದುಕೊಂಡು ಹೆಲೆನ್ ಕೂಡ ಬಾಗಿದರು. ಸ್ವೆಟರ್ ಕೈಜಾರಿತು. ಅಕ್ಕಿಯೆಲ್ಲ ಒಲೆಯ ಮುಂದೆ ಚೆಲ್ಲಿ ಹರಡಿತು.

ಹೆಲೆನ್ ಗಾಬರಿಯಾಗಿ ಕ್ಷಮೆ ಕೇಳುತ್ತ ನೆಲಕ್ಕೆ ಕೂತರು. ಅವ್ವ ನಗುತ್ತ ಎದುರಿಗೆ ಕೂತಳು. ಕಸಬರಿಗೆ ತರಲೇ ಎಂದು ನಾನು ಕೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಮಗುವನ್ನು ನಡುವೆ ಮಲಗಿಸಿಕೊಂಡು, ಒಬ್ಬರು ಇಂಗ್ಲಿಷಿನಲ್ಲಿ ಒಬ್ಬರು ಕನ್ನಡದಲ್ಲಿ ಮಾತಾಡುತ್ತ, ಅವರು ಅಕ್ಕಿಯನ್ನು ಬೆರಳ ತುದಿಯಿಂದ ಒಂದೊಂದೇ ಕಾಳಾಗಿ ಆರಿಸತೊಡಗಿದರು. ಯಾರಿಗೂ ಅವಸರವಿರಲಿಲ್ಲ.